ದೊಡ್ಡವ್ವ ಹಿಡಿಸುವಂಥ ಕಂಪ್ಯೂಟರ್

ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವವನಿಗೆ ಕಂಪ್ಯೂಟರ್ ಗೊತ್ತಿರಲೇಬೇಕು ಎಂದು ನಮ್ಮ ಜನ ಗಟ್ಟಿಯಾಗಿ ನಂಬಿದ್ದಾರೆ. ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುವವನ ಮುಂದೆಯೂ ನಾಲಿಗೆ ಚಾಚಿ ತೋರಿಸುವ ಜನ ನಾವು. ನಾನು ಹೈದರಾಬಾದಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದದ್ದು ನಿಜ. ಆದರೆ ನನ್ನ ಕೆಲಸ, ಬೇರೆಯವರು ಮಾಡಿದ ಸಾಫ್ಟ್‌ವೇರನ್ನು ಹೇಗೆ ಬಳಸಬೇಕೆಂದು ಇಂಗ್ಲಿಷಿನಲ್ಲಿ ಕೈಪಿಡಿ ಬರೆಯುವುದು. ಈ ಗುಂಡಿ ಒತ್ತಿ, ಆಮೇಲೆ ಆ ಗುಂಡಿ ಒತ್ತಿ ಎಂದು ಬರೆಯುತ್ತಿದ್ದೆ. ಒತ್ತಿದ ಮೇಲೆ ಒಳಗೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಮೇಜಿನ ಮೇಲಿನ ಕಂಪ್ಯೂಟರ್ ನಿಂತುಹೋದರೆ ನಾನು ಎದ್ದು ಚಹಾ ಕುಡಿಯಲು ಹೋಗುತ್ತಿದ್ದೆ. ವಾಪಸ್ ಬರುವಷ್ಟರಲ್ಲಿ ಯಾರಾದರೂ ಪುಣ್ಯಾತ್ಮರು ಅದನ್ನು ಸರಿಮಾಡಿರುತ್ತಿದ್ದರು. ನನಗೆ ಗೊತ್ತಿದ್ದ ರಿಪೇರಿ ಇದೊಂದೇ.

ಈ ವಿಷಯ ನನ್ನ ಮಾವನ ಮನೆಯವರಿಗೆ ತಿಳಿದಿರಲಿಲ್ಲ. ತಿಳಿಸುವ ಸಂದರ್ಭವೂ ಬಂದಿರಲಿಲ್ಲ. ಅದು ಊರಿನಲ್ಲಿ ಸಾಫ್ಟ್‌ವೇರ್ ಎಂಬ ಶಬ್ದಕ್ಕೆ ಮೈತುಂಬ ಬಂಗಾರ ಇದ್ದ ಕಾಲ. ಅಮೀರ್‌ಪೇಟೆಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿಗೆ ಜಾಗವಿಲ್ಲದಷ್ಟು ಕಂಪ್ಯೂಟರ್ ಕೋರ್ಸುಗಳ ಜಾಹೀರಾತು. ಕೊರಳಿಗೆ ಕಂಪನಿಯ ಗುರುತಿನ ಪಟ್ಟಿ ಹಾಕಿಕೊಂಡು ಆಟೋ ಹತ್ತಿದರೆ ಮೀಟರ್ ತಾನಾಗಿ ಕೆಟ್ಟಿರುತ್ತಿತ್ತು. ನಾನು ಮೈಸೂರಿನವನು. ನನ್ನ ಹೆಂಡತಿ ವಿಜಯಾಳ ತವರಿನವರು ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲೇ ನೆಲೆನಿಂತವರು. ತಾರ್ನಾಕದಲ್ಲಿ ಅವರದೊಂದು ಮನೆ. ಕೆಳಗೆ ಅತ್ತೆ, ಮಾವ, ಮೇಲೆ ನಾವಿಬ್ಬರು. ಅತ್ತೆ ತರಕಾರಿ ಗಾಡಿಯವನಿಗೂ ನನ್ನನ್ನು ಪರಿಚಯಿಸಿದ್ದರು, ಅದೂ ತೆಲುಗಿನಲ್ಲಿ. ಅದರಲ್ಲಿ ನನಗೆ ಅರ್ಥವಾದದ್ದು ಅಳಿಯ ಎಂಬರ್ಥದ ‘ಅಲ್ಲುಡು’ ಮತ್ತು ‘ಸಾಫ್ಟ್‌ವೇರ್’ ಎಂಬ ಎರಡೇ ಶಬ್ದ. ಅವನು ಆವತ್ತಿನಿಂದ ಟೊಮೇಟೊ ತೂಗುವಾಗ ನನ್ನ ಮುಖ ನೋಡಿ ತೂಗುತ್ತಿದ್ದ.

ಹೀಗೆ ಮರ್ಯಾದೆಯಿಂದ ಕಾಲ ಹೋಗುತ್ತಿರುವಾಗ ನನ್ನ ನಾದಿನಿ ರೇಖಾಳ ಮದುವೆಯಾಯಿತು. ಮದುವೆ ಚೆನ್ನಾಗಿಯೇ ಆಯಿತು. ತೊಂದರೆಯಾದದ್ದು ಮದುವೆಯ ಸಿಡಿಯಿಂದ. ವಿಡಿಯೋದವನು ತಿಂಗಳುಗಟ್ಟಲೆ ಅಲೆಸಿ ಕೊನೆಗೊಮ್ಮೆ ಸಿಡಿ ಕೊಟ್ಟ. ಅದರಲ್ಲಿ ಮದುಮಗಳು ಗುಲಾಬಿ ಹೂವಿನೊಳಗಿಂದ ಅರಳುತ್ತಿದ್ದಳು. ಮದುಮಗ ಚಂದ್ರನೊಳಗೆ ಕೂತು ಗರಗರ ತಿರುಗುತ್ತಿದ್ದ. ಇನ್ನೇನು ತಾಳಿ ಕಟ್ಟಬೇಕು ಅನ್ನುವಾಗ ಎಲ್ಲಿಂದಲೋ ಒಂದು ಜಲಪಾತ ಧುಮುಕಿತು. ಅದರ ಹಿಂದೆ ಎರಡು ಹಂಸ ಈಜಿಕೊಂಡು ಬಂದವು. ಹಂಸಗಳು ಹೋಗುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ನಾವೆಲ್ಲ ನಕ್ಕು ಸುಮ್ಮನಾದೆವು. ನಗದೇ ಇದ್ದವರು ಒಬ್ಬರೇ: ಅತ್ತೆಯ ಅಕ್ಕ, ಗೋದಾವರಿಬಾಯಿ. ಮನೆಮಂದಿಗೆಲ್ಲ ದೊಡ್ಡವ್ವ.

ದೊಡ್ಡವ್ವನ ಮನೆ ಬೇಗಂ ಬಜಾರಿನಲ್ಲಿ. ಅವರ ಯಜಮಾನರದು ಒಣಮೆಣಸಿನಕಾಯಿಯ ಸಗಟು ವ್ಯಾಪಾರ. ಅಂಗಡಿಯ ಮೇಲೆಯೇ ಮನೆಯಾದ್ದರಿಂದ ಮೆಟ್ಟಿಲು ಹತ್ತುವ ನೆಂಟರೆಲ್ಲ ಸೀನುತ್ತಲೇ ಹತ್ತಬೇಕು. ಸೀನಿನ ಸದ್ದಿನಿಂದಲೇ ಬಂದವರು ಯಾರೆಂದು ದೊಡ್ಡವ್ವ ಮೇಲಿನಿಂದ ಗುರುತು ಹಿಡಿಯುತ್ತಾರೆ. ಅವರಿಗೆ ಮಕ್ಕಳಿಲ್ಲ. ಅತ್ತೆಗೆ ಟೈಫಾಯ್ಡ್ ಬಂದು ಬಹಳ ದಿನ ಮಲಗಿದ್ದಾಗ, ರೇಖಾ ಕೈಗೂಸು. ಅವಳನ್ನು ಎತ್ತಿಕೊಂಡು ಹೋಗಿ ಸಾಕಿದವರು ದೊಡ್ಡವ್ವ. ಅವಳ ಮದುವೆಯಲ್ಲಿ ಅವರು ಕೂತದ್ದನ್ನೇ ನಾನು ನೋಡಲಿಲ್ಲ. ಗಿಣಿಹಸಿರು ಇಳಕಲ್ ಸೀರೆ ಉಟ್ಟು, ಅಡುಗೆಯವರಿಂದ ಹಿಡಿದು ಪುರೋಹಿತರವರೆಗೆ ಎಲ್ಲರನ್ನೂ ಗದರಿಸುತ್ತ ಓಡಾಡಿದ್ದರು. ಸಿಡಿ ಬಂದ ಕೂಡಲೇ ಅವರು ಒಂದು ಕೆಲಸ ಮಾಡಿದರು. ಓಣಿಯ ಹೆಂಗಸರನ್ನೆಲ್ಲ ಕರೆದು, ಚಾಪೆ ಹಾಸಿ, ಮಿರ್ಚಿ ಬಜ್ಜಿ ಮಾಡಿ, ಟೀವಿಗೆ ಸಿಡಿ ಹಾಕಿಸಿದರು. ಸಿಡಿ ಮುಗಿಯಿತು. ದೊಡ್ಡವ್ವ ಅದರಲ್ಲಿ ಒಂದೇ ಒಂದು ಕಡೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಅವರು ತಾರ್ನಾಕಕ್ಕೆ ಬಂದರು. ಒಳಗೆ ಬರಲಿಲ್ಲ, ಗೇಟಿನ ಹೊರಗೇ ನಿಂತರು.

“ಹಂಸ ಬಂತು, ಜಲಪಾತ ಬಂತು. ಯಾರದೋ ಹುಡುಗ್ರು ಐಸ್‌ಕ್ರೀಂ ತಿನ್ನೋದು ಬಂತು. ಬ್ಯಾಂಡ್‌ನವನು ತಲಿ ಕೆರಕೊಳ್ಳೋದೂ ಬಂತು. ನಾ ಎಲ್ಲಿ?” ಎಂದು ಕೇಳಿದರು.

“ಅಕ್ಕ, ನನಗೇನು ಗೊತ್ತು? ಆ ವಿಡಿಯೋದಾಂವ ಏನೇನು ಕತ್ತರಿಸ್ಯಾನೋ” ಎಂದರು ಅತ್ತೆ.

“ಅವನ್ಯಾಕ ಕತ್ತರಸ್ತಾನ? ಅವಂಗೂ ನನಗೂ ಏನ್ ವೈರ ಐತಿ? ಯಾರರೆ ಹೇಳಿದ್ರ ಕತ್ತರಸ್ತಾನ. ಓಣಿ ಮಂದಿ ಕೇಳಾಕತ್ತಾರ, ‘ಯಾಕ್ರೀ ಬಾಯಾರ, ನಿಮ್ಮನ್ನ ಮದಿವಿಗೆ ಕರದಿರಲಿಲ್ಲೇನು?’ ಅಂತ. ನಾ ಏನ್ ಹೇಳಲಿ? ಆ ಕೂಸಿನ ನಾ ಎತ್ತಿ ಆಡಿಸೀನಿ.” ಇಲ್ಲಿ ಅವರ ದನಿ ಸ್ವಲ್ಪ ಒಡೆಯಿತು. ಒಡೆದದ್ದು ತಿಳಿಯಬಾರದೆಂದು ಕಾಯುತ್ತಿದ್ದ ಆಟೋದವನ ಮೇಲೆ ರೇಗಿ, ಅದೇ ಆಟೋ ಹತ್ತಿ ಹೊರಟುಹೋದರು.

ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು. ಸಂಕ್ರಾಂತಿಗೆ ಎಳ್ಳು ಬರಲಿಲ್ಲ, ವರ್ಷದ ಖಾರದ ಪುಡಿಯೂ ಬರಲಿಲ್ಲ. ಅತ್ತೆ ಜೀವನದಲ್ಲಿ ಮೊದಲ ಬಾರಿಗೆ ಅಂಗಡಿಯಿಂದ ಪೊಟ್ಟಣದ ಖಾರದ ಪುಡಿ ತರಿಸಿದರು. ಅದನ್ನು ಸಾರಿಗೆ ಹಾಕುವಾಗ ಅವರ ಕಣ್ಣಲ್ಲಿ ನೀರು ಬಂತು, ಖಾರದಿಂದಲ್ಲ. ಅಷ್ಟರಲ್ಲಿ ರೇಖಾ ಬಸುರಿಯಾದಳು. ಏಳನೇ ತಿಂಗಳಿಗೆ ಕುಬಸ ಮಾಡಬೇಕು, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಬೇಕು. ರೇಖಾ ಫೋನಿನಲ್ಲಿ ಒಂದೇ ಮಾತು ಹೇಳಿದಳು: “ದೊಡ್ಡವ್ವ ಬರಲಿಲ್ಲಂದ್ರ ನನಗ ಕುಬಸ ಬ್ಯಾಡ.” ದೊಡ್ಡವ್ವ ಹೇಳಿ ಕಳಿಸಿದ ಮಾತೂ ಒಂದೇ: “ನಾ ಆ ಮದಿವ್ಯಾಗ ಇದ್ದೆ ಅಂತ ಮೊದಲು ತೋರಸ್ರಿ. ಆಮ್ಯಾಲೆ ಕುಬಸದ ಮಾತು.”

ಮಾವ ನಿವೃತ್ತರು, ಪೇಪರಿನ ಹಿಂದಿನಿಂದ ಮಾತಾಡುವವರು. ಅವರು ಪೇಪರಿನ ಹಿಂದಿನಿಂದಲೇ ಒಂದು ಸೂಚನೆ ಕೊಟ್ಟರು: ವಿಡಿಯೋದವನ ಹತ್ತಿರ ಮೂಲ ಕ್ಯಾಸೆಟ್ಟುಗಳು ಇರಬೇಕಲ್ಲ? ಹೋಗಿ ಕೇಳಿದೆ. ಅವನಿಗೆ ಮದುವೆಗಳ ಸುಗ್ಗಿ, ಹೊಸದಾಗಿ ಎಡಿಟ್ ಮಾಡಲು ಪುರುಸೊತ್ತಿಲ್ಲ. ಕ್ಯಾಸೆಟ್ಟುಗಳನ್ನು ಒಂದು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟು, “ಮೀರು ಸಾಫ್ಟ್‌ವೇರ್ ಕದಾ ಸಾರ್, ಮೀರೇ ಚೇಸುಕೋಂಡಿ” ಎಂದ. ನೀವು ಸಾಫ್ಟ್‌ವೇರಿನವರಲ್ಲವೇ, ನೀವೇ ಮಾಡಿಕೊಳ್ಳಿ ಎಂದು. ಚೀಲ ಹಿಡಿದು ಮನೆಗೆ ಬಂದೆ. ಅತ್ತೆ, ಮಾವ, ವಿಜಯಾ ಮೂವರೂ ನನ್ನನ್ನೇ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಗಂಡಸಿನ ಬಾಯಿಂದ ಯಾವ ಮಾತು ಹೊರಡಬಾರದೋ ಅದೇ ಹೊರಟಿತು. “ಅದರಲ್ಲೇನಿದೆ, ಒಂದು ಒಳ್ಳೇ ಕಂಪ್ಯೂಟರ್ ಇದ್ದರೆ ನಾನೇ ಮಾಡ್ತೀನಿ” ಎಂದುಬಿಟ್ಟೆ.

ವಿಡಿಯೋ ಎಡಿಟಿಂಗ್ ಮಾಡಲು ಎಂಥ ಕಂಪ್ಯೂಟರ್ ಬೇಕು ಎಂದು ಆಫೀಸಿನಲ್ಲಿ ಕೇಳಿದ್ದು ನನ್ನ ಎರಡನೇ ತಪ್ಪು. ನನ್ನ ಪಕ್ಕದ ಮೇಜಿನ ಶೆಟ್ಟಿ ಕುಂದಾಪುರದವನು, ಒಳ್ಳೆಯವನು, ಆದರೆ ಕಂಪ್ಯೂಟರಿನ ಮಾತು ಬಂದರೆ ಊಟ ಮರೆಯುವವನು. “ಪ್ರೊಸೆಸರ್ ಗಟ್ಟಿ ಇರ್ಬೇಕು ಮಾರಾಯ್ರೆ, ಉಳಿದದ್ದೆಲ್ಲ ಆಮೇಲೆ” ಎಂದ. ಹಿಂದಿನ ಸಾಲಿನವನೊಬ್ಬ ಕುರ್ಚಿ ತಿರುಗಿಸಿಕೊಂಡು, ಪ್ರೊಸೆಸರ್ ಎಷ್ಟಿದ್ದರೇನು, ಮೆಮೊರಿ ಇಲ್ಲದಿದ್ದರೆ ಅದು ಎತ್ತಿನ ಗಾಡಿ ಎಂದ. ಮೂರನೆಯವನು, ಒಂದು ಗಂಟೆಯ ಕ್ಯಾಸೆಟ್ಟನ್ನು ಒಳಗಿಳಿಸಿದರೆ ಅರ್ಧ ಹಾರ್ಡ್‌ಡಿಸ್ಕ್ ತುಂಬಿಹೋಗುತ್ತದೆ, ಮೊದಲು ಅದನ್ನು ನೋಡು ಎಂದ. ಕ್ಯಾಮೆರಾದಿಂದ ಕಂಪ್ಯೂಟರಿಗೆ ಚಿತ್ರ ತರಲು ಒಂದು ಬೇರೆಯೇ ಕಾರ್ಡು ಬೇಕೆಂದೂ ಆಗ ತಿಳಿಯಿತು. ಬಹಳ ತಿಳಿದವನೊಬ್ಬ, ಆರು ತಿಂಗಳು ಕಾಯಿರಿ, ಹೊಸದು ಬರುತ್ತಿದೆ ಎಂದ. ಆರು ತಿಂಗಳಾದರೆ ಕೂಸು ಹುಟ್ಟಿ ಬೋರಲು ಬಿದ್ದಿರುತ್ತದೆ ಎಂದು ಅವನಿಗೆ ಹೇಗೆ ಹೇಳಲಿ? ಎಲ್ಲರೂ ಕೊನೆಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: “ಅಷ್ಟಕ್ಕೂ ಎಡಿಟ್ ಮಾಡೋದು ಏನನ್ನ?” ದೊಡ್ಡವ್ವನನ್ನು ಎಂದು ಹೇಳಲು ನನಗೆ ನಾಚಿಕೆ. “ಒಂದು ಪ್ರಾಜೆಕ್ಟ್” ಎನ್ನುತ್ತಿದ್ದೆ.

ರೇಖಾಳಿಗೆ ಗಂಡು ನೋಡುವಾಗಲೂ ನಮ್ಮ ಮನೆಯಲ್ಲಿ ಇಷ್ಟು ಚರ್ಚೆ ನಡೆದಿರಲಿಲ್ಲ. ಹುಡುಗನಿಗೆ ಕೆಲಸವಿದೆಯೇ, ಕುಡಿಯುತ್ತಾನೆಯೇ ಎಂದು ಕೇಳಿ ಮುಗಿಸಿದ್ದರು. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ದಿನಾ ಸಂಜೆ ನಾನು ಊಟದ ಮನೆಯಲ್ಲಿ ಶೆಟ್ಟಿಯ ಮಾತುಗಳನ್ನು ನನ್ನವೆಂಬಂತೆ ಒಪ್ಪಿಸಬೇಕಿತ್ತು. “ಪ್ರೊಸೆಸರ್ ಅಂದ್ರೆ ಒಲೆ ಇದ್ದ ಹಾಗೆ. ಮೆಮೊರಿ ಅಂದ್ರೆ ಅಡುಗೆ ಕಟ್ಟೆ. ಕಟ್ಟೆ ಚಿಕ್ಕದಾದರೆ ಎಷ್ಟು ದೊಡ್ಡ ಒಲೆ ಇದ್ದರೂ...” ಎಂದು ನಾನು ವಿವರಿಸುತ್ತಿದ್ದರೆ ವಿಜಯಾ ಮಧ್ಯೆ ಬಾಯಿ ಹಾಕಿ, “ಹಾಂಗಿದ್ರ ಕಟ್ಟಿ ದೊಡ್ಡದು ತಗೋರಿ. ನಾನೂ ಇದನ್ನ ಎಷ್ಟು ವರ್ಷದಿಂದ ಹೇಳಾಕತ್ತೀನಿ” ಎನ್ನುತ್ತಿದ್ದಳು. ಮಾತು ನಮ್ಮ ಅಡುಗೆಮನೆಯ ಕಡೆಗೆ ತಿರುಗಿಬಿಡುತ್ತಿತ್ತು.

ಕೊಳ್ಳುವ ದಿನ ಶೆಟ್ಟಿ ಜೊತೆಗೆ ಬರಬೇಕಿತ್ತು. ಊರಿನಲ್ಲಿ ಭೂತಕೋಲವೆಂದು ಹೊರಟುಹೋದ. ಹೋಗುವಾಗ, “ಒಂದೇ ಮಾತು ನೆನಪಿಡಿ. ಚಂದಕ್ಕೆ ಮರುಳಾಗ್ಬೇಡಿ. ಮೆಮೊರಿ ಜಾಸ್ತಿ ಹಾಕಿಸಿ” ಎಂದಿದ್ದ. ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆಗೆ ನಾನು, ವಿಜಯಾ, ಅತ್ತೆ ಹೋದೆವು. ಅತ್ತೆ ಬರುತ್ತೇನೆಂದಾಗ ಬೇಡವೆನ್ನಲು ಆಗಲಿಲ್ಲ, ಜಗಳ ಅವರದು. ಅಂಗಡಿಯ ಸಲೀಂ ಭಾಯಿ ನಮ್ಮನ್ನು ಕೂರಿಸಿ ಚಹಾ ತರಿಸಿದರು.

“ಕ್ಯಾ ಕರ್ತೆ ಸಾಬ್ ಇಸ್ಪೆ?” ಎಂದು, ಇದರಲ್ಲಿ ಮಾಡುವ ಕೆಲಸವೇನೆಂದು ಕೇಳಿದರು.

“ವಿಡಿಯೋ ಎಡಿಟಿಂಗ್” ಎಂದೆ, ಆದಷ್ಟು ಸಹಜವಾಗಿ.

“ಶಾದಿ ಕಾ?”

“ಹಾಂ.”

“ಹೌ ಸಾಬ್, ಶಾದಿ ಆರಾಮ್ ಸೆ ಹೋ ಜಾತಿ. ವಲೀಮಾ ಭೀ ಹೋ ಜಾತಾ” ಎಂದರು. ಮದುವೆಯಷ್ಟೇ ಅಲ್ಲ, ಮದುವೆಯ ಮರುದಿನದ ಔತಣವೂ ಇದರಲ್ಲಿ ಸಲೀಸಾಗಿ ಮುಗಿಯುತ್ತದೆ ಎಂಬ ಭರವಸೆ.

ಅತ್ತೆಗೆ ಅಷ್ಟು ಸಾಲಲಿಲ್ಲ. ಎದ್ದು ಹೋಗಿ ಕಂಪ್ಯೂಟರಿನ ಡಬ್ಬಿಯನ್ನು ಬೆರಳಿನಿಂದ ತಟ್ಟಿ ನೋಡಿದರು, ಬಿಂದಿಗೆ ಕೊಳ್ಳುವಾಗ ತಟ್ಟುವ ಹಾಗೆ. ಆಮೇಲೆ ತಮ್ಮ ಹೈದರಾಬಾದಿ ಹಿಂದಿಯಲ್ಲಿ ನೇರವಾಗಿ ಕೇಳಿದರು: “ಭಾಯಿ, ಹಮಾರಿ ಅಕ್ಕಾ ಇಸ್ ಮೇ ಬರಾಬರ್ ಆತೀ ಕ್ಯಾ?” ನಮ್ಮ ಅಕ್ಕ ಇದರಲ್ಲಿ ಸರಿಯಾಗಿ ಹಿಡಿಸುತ್ತಾಳೆಯೇ ಎಂದು. ಸಲೀಂ ಭಾಯಿ ಒಮ್ಮೆ ಡಬ್ಬಿಯನ್ನು ನೋಡಿದರು, ಒಮ್ಮೆ ಅತ್ತೆಯನ್ನು ನೋಡಿದರು. ಅಕ್ಕನ ಗಾತ್ರವನ್ನು ಅಂದಾಜು ಮಾಡಿರಬೇಕು. ಬಹಳ ಗಂಭೀರವಾಗಿ, “ಆತೀ ಅಮ್ಮಾ, ಕೈಕು ನೈ ಆತೀ” ಎಂದರು, ಯಾಕೆ ಹಿಡಿಸುವುದಿಲ್ಲ ಎಂಬಂತೆ.

ಇದಾದ ಮೇಲೆ ನಾನು ಮೆಮೊರಿಯ ಮಾತನ್ನು ಎತ್ತಬೇಕಿತ್ತು. ಎತ್ತುವವನೂ ಇದ್ದೆ. ಆದರೆ ಅಷ್ಟರಲ್ಲಿ ಸಲೀಂ ಭಾಯಿ ಇನ್ನೊಂದು ಡಬ್ಬಿಗೆ ವಿದ್ಯುತ್ತು ಕೊಟ್ಟರು. ಅದರ ಮುಂಭಾಗದಲ್ಲಿ ನೀಲಿ ದೀಪ ಹತ್ತಿಕೊಂಡಿತು. ಒಳಗಿನ ಫ್ಯಾನು ತಿರುಗಿದಂತೆಲ್ಲ ಬೆಳಕೂ ತಿರುಗುತ್ತಿತ್ತು. ಅದರ ಜೊತೆ ಎದೆ ಗುದ್ದುವಂಥ ಸದ್ದಿನ ಸ್ಪೀಕರುಗಳು. ಮೆಮೊರಿಯನ್ನು ಯಾರೂ ಕಣ್ಣಿಂದ ನೋಡುವುದಿಲ್ಲ, ದೀಪವನ್ನು ನೋಡುತ್ತಾರೆ. ನನ್ನ ಕೈಪಿಡಿ ಬರೆಯುವ ಬುದ್ಧಿ ಅಲ್ಲಿಗೆ ಮುಗಿಯಿತು. ಮೆಮೊರಿಯನ್ನು ಆಮೇಲೆ ಹಾಕಿಸಿಕೊಳ್ಳೋಣ ಎಂದು ನಾನೇ ಹೇಳಿದೆ. ಸಲೀಂ ಭಾಯಿ ಸಹ ಒಮ್ಮೆ, “ಸೋಚ್ ಲೋ ಸಾಬ್” ಎಂದರು. ನಾನು ಯೋಚಿಸಲಿಲ್ಲ.

ಶೆಟ್ಟಿ ಊರಿನಿಂದ ಬಂದವನು ಕಂಪ್ಯೂಟರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ, “ದೀಪ ಒಳ್ಳೇದುಂಟು” ಎಂದ. ತನ್ನ ಕ್ಯಾಮೆರಾ ಕೊಟ್ಟು, ಕ್ಯಾಸೆಟ್ಟುಗಳನ್ನು ಒಳಗಿಳಿಸುವ ಕ್ರಮ ತೋರಿಸಿ ಹೋದ. ಇಳಿಸುತ್ತ ಇಳಿಸುತ್ತ ಗುಟ್ಟು ತಾನಾಗಿಯೇ ಬಯಲಾಯಿತು. ದೊಡ್ಡವ್ವ ಕ್ಯಾಸೆಟ್ಟುಗಳ ತುಂಬ ಇದ್ದರು. ಎಲ್ಲೆಲ್ಲಿ ಮುಖ್ಯವಾದದ್ದು ನಡೆಯುತ್ತಿತ್ತೋ ಅಲ್ಲೆಲ್ಲ ಇದ್ದರು, ಆದರೆ ಕ್ಯಾಮೆರಾದ ನೇರ ಮುಂದೆ, ನಮಗೆ ಬೆನ್ನು ತಿರುಗಿಸಿಕೊಂಡು. ತಾಳಿ ಕಟ್ಟುವಾಗ ಪರದೆಯ ತುಂಬ ಗಿಣಿಹಸಿರು ಸೀರೆ. ಧಾರೆಯ ಹೊತ್ತಿಗೆ ತುರುಬು ಮತ್ತು ಮಲ್ಲಿಗೆ. ಹಿಂದಿನಿಂದ ವಿಡಿಯೋದವನ ದನಿ ಕೇಳುತ್ತದೆ: “ಅಮ್ಮಾ, ಕೊಂಚೆಂ ಪಕ್ಕಕು...” ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದು ಬೇಡುತ್ತಿದ್ದಾನೆ. ದೊಡ್ಡವ್ವ ತಿರುಗದೆಯೇ, “ತಡಿಯಪ್ಪಾ, ನನಗ ಕಾಣವಲ್ದು” ಎನ್ನುತ್ತಾರೆ. ಪಾಪ, ಜಲಪಾತವನ್ನು ಅವನು ಚಂದಕ್ಕೆ ಹಾಕಿರಲಿಲ್ಲ. ಬೇರೆ ದಾರಿಯಿಲ್ಲದೆ ಹಾಕಿದ್ದ.

ಇದನ್ನು ದೊಡ್ಡವ್ವನಿಗೆ ತೋರಿಸುವಂತಿರಲಿಲ್ಲ. ಅವರ ಮುಖ ಕಾಣುವ ತುಣುಕುಗಳನ್ನಷ್ಟೇ ಹುಡುಕಿ ಜೋಡಿಸಿದೆ. ಅಡುಗೆಯವನಿಗೆ ಬೈಯುವುದು, ಬೀಗರಿಗೆ ಹೋಳಿಗೆ ಬಡಿಸುವುದು, ರೇಖಾಳ ಕೆನ್ನೆಗೆ ಅರಿಷಿಣ ಹಚ್ಚುವುದು ಎಲ್ಲ ಸಿಕ್ಕವು. ಒಂದು ಪುಟ್ಟ ಸಿನಿಮಾದಷ್ಟಾಯಿತು. ಇನ್ನು ಎಲ್ಲವನ್ನೂ ಬೆಸೆದು ಸಿಡಿಗೆ ಹಾಕಬೇಕಾದ ಕೆಲಸ ಕಂಪ್ಯೂಟರಿನದು. ದೊಡ್ಡವ್ವನಿಗೆ ಹೇಳಿ ಕಳಿಸಿದೆವು. ಭಾನುವಾರ ಬೆಳಿಗ್ಗೆ ಬಂದರು.

“ನೀರು ಸೈತ ಕುಡಿಯಂಗಿಲ್ಲ. ನೋಡಿ ಹೊಕ್ಕೀನಿ” ಎಂದು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಅತ್ತೆ ನಮ್ಮ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ಇಡತೊಡಗಿದರು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ, ಅದರ ಎಡತುದಿಯಲ್ಲಿ ನೂಲಿನಷ್ಟು ನೀಲಿ. ಅದು ತುಂಬಿದರೆ ಕೆಲಸ ಮುಗಿದಂತೆ. ಉಳಿದಿರುವ ಸಮಯ ಒಂದು ತಾಸು ಎಂದು ತೋರಿಸಿತು. ಸ್ವಲ್ಪ ಹೊತ್ತಾದ ಮೇಲೆ ಎರಡು ತಾಸು ಎಂದಿತು. ದೊಡ್ಡವ್ವ ನನ್ನ ಕಡೆ ತಿರುಗಿದರು.

“ಅಳಿಯಾವ್ರ, ಇದು ಮುಂದ ಹೊಂಟೈತೋ ಹಿಂದ ಹೊಂಟೈತೋ?”

“ಮುಂದೇನೇ ದೊಡ್ಡಮ್ಮ. ಅದು ಲೆಕ್ಕ ಹಾಕ್ತಾ ಇದೆ.”

“ನಮ್ಮ ಅಂಗಡ್ಯಾಗಿನ ಮುನೀಮನೂ ಹೀಂಗ ಲೆಕ್ಕ ಹಾಕತಿದ್ದ. ಬಿಡಿಸಿಬಿಟ್ವಿ.”

ಪಟ್ಟಿ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ನೀಲಿ ದೀಪವೂ ಹೋಯಿತು. ಬಂದ ಮೇಲೆ ಮೊದಲಿನಿಂದ ಶುರುಮಾಡಬೇಕೆಂದು ಹೇಳಿದಾಗ ದೊಡ್ಡವ್ವ ಎದ್ದು ಹೋಗಿಬಿಡುತ್ತಾರೆಂದುಕೊಂಡೆ. ಹೋಗಲಿಲ್ಲ. ಇಷ್ಟು ಹೊತ್ತು ಕೂತದ್ದು ದಂಡವಾಗಬಾರದಲ್ಲ. ಅಡುಗೆಮನೆಯಿಂದ ಎಣಗಾಯಿಯ ವಾಸನೆ ಬರತೊಡಗಿತು. ದೊಡ್ಡವ್ವ ಮೂಗು ಏರಿಸಿ, ನನಗೆ ಹೇಳುವವರಂತೆ ಗಟ್ಟಿಯಾಗಿ, “ಶೇಂಗಾದ ಪುಡಿ ಕಮ್ಮಿ ಬಿದ್ದೈತಿ. ಖಾರ ಅಂತೂ ಪೊಟ್ಟಣದ್ದು” ಎಂದರು.

ಒಳಗಿನಿಂದ ಅಷ್ಟೇ ಗಟ್ಟಿಯಾಗಿ ಉತ್ತರ ಬಂತು: “ಅಳಿಯಾವ್ರ, ಗೊತ್ತಿದ್ದವ್ರು ಖಾರ ಕಳಿಸಿದ್ರ ಪೊಟ್ಟಣ ಯಾಕ ತರತಿದ್ವಿ ಅಂತ ಕೇಳ್ರಿ.”

“ಕಳಿಸಾಕ ನಾ ಮದಿವ್ಯಾಗ ಇರಲಿಲ್ಲಲ್ಲ ಅಂತ ಹೇಳ್ರಿ.”

“ಇಲ್ಲದವ್ರು ಹೋಳಿಗಿ ಹೆಂಗ ಬಡಸತಿದ್ರು ಅಂತ ಕೇಳ್ರಿ.”

ನಾನು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ಮಧ್ಯದಲ್ಲಿ ಕೂತಿದ್ದರೆ ಸಾಕಿತ್ತು. ಸ್ವಲ್ಪ ಹೊತ್ತಿನಲ್ಲಿ ದೊಡ್ಡವ್ವ ಎದ್ದರು. “ಆ ಬದನಿಕಾಯಿ ಹಾಳಾಗೋದು ನನ್ನ ಕೈಲಿ ನೋಡಾಕ ಆಗಂಗಿಲ್ಲ” ಎಂದು ಅಡುಗೆಮನೆಗೆ ನಡೆದರು. ಆಮೇಲೆ ರೊಟ್ಟಿ ತಟ್ಟುವ ಸದ್ದು ಎರಡು ಕಡೆಯಿಂದ ಬರತೊಡಗಿತು. ಅದರ ನಡುವೆ ಪಿಸುಮಾತು, ಅದರ ನಡುವೆ ತಡೆದ ನಗು. ಕಿವಿಗೊಟ್ಟೆ.

“ದೀಪ ನೋಡಿ ತಂದಾರ. ಪಾಪ, ಅಂಗಡಿಯಾಂವ ಸೈತ ಬ್ಯಾಡ ಅಂದ” ಇದು ಅತ್ತೆ.

“ಇದಕ್ಕಿಂತ ನಮ್ಮ ಖಾರ ಕುಟ್ಟೋ ಮಷೀನ್ ಚುರುಕು ಐತಿ” ಇದು ದೊಡ್ಡವ್ವ. ಆಮೇಲಿನ ನಗುವನ್ನು ಇಬ್ಬರೂ ತಡೆಯಲಿಲ್ಲ. ವಿಜಯಾಳೂ ನಗುತ್ತಿದ್ದಳೆಂದು ನನಗೆ ಬಲವಾದ ಅನುಮಾನ.

ಊಟವಾಯಿತು. ದೊಡ್ಡವ್ವ ನೀರೇನು, ಮಜ್ಜಿಗೆಯನ್ನೂ ಕುಡಿದರು. ಪಟ್ಟಿ ತುಂಬುವಾಗ ಸಂಜೆಯಾಗಿತ್ತು. ಎಲ್ಲರೂ ಪರದೆಯ ಮುಂದೆ ಕೂತೆವು. ದೊಡ್ಡವ್ವ ತಾವು ಬೈಯುವುದನ್ನು, ಬಡಿಸುವುದನ್ನು ನೋಡಿ ತಲೆಯಾಡಿಸಿದರು. ಆಮೇಲೆ ಕೊನೆಯ ತುಣುಕು ಬಂತು. ರೇಖಾಳನ್ನು ಕಾರು ಹತ್ತಿಸಿದ ಮೇಲಿನದು. ಎಲ್ಲರೂ ಕಾರಿನ ಹಿಂದೆ ಹೋಗಿದ್ದಾರೆ. ಖಾಲಿ ಪೆಂಡಾಲಿನ ಮೂಲೆಯಲ್ಲಿ ದೊಡ್ಡವ್ವ ಒಬ್ಬರೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅಳುತ್ತಿದ್ದಾರೆ. ಅತ್ತೆ ಎಲ್ಲಿಂದಲೋ ಬಂದು, ಏನೂ ಮಾತಾಡದೆ, ತಮ್ಮ ಸೆರಗಿನಿಂದ ಅಕ್ಕನ ಮುಖ ಒರೆಸಿ, ಪಕ್ಕದಲ್ಲಿ ನೆಲದ ಮೇಲೇ ಕೂತುಕೊಳ್ಳುತ್ತಾರೆ. ವಿಡಿಯೋದವನು ದೀಪಗಳ ಚಿತ್ರ ತೆಗೆಯಲು ಹೋಗಿ ಅಕಸ್ಮಾತ್ತಾಗಿ ಹಿಡಿದದ್ದು ಅದು. ಇಬ್ಬರಿಗೂ ಅದು ನೆನಪಿರಲಿಲ್ಲವೆಂದು ಕಾಣುತ್ತದೆ.

ದೊಡ್ಡವ್ವ ಪರದೆಯತ್ತ ಬೆರಳು ತೋರಿಸಿ, “ಇದನ್ನ ಕತ್ತರಿಸಿಬಿಡ್ರಿ ಅಳಿಯಾವ್ರ” ಎಂದರು.

“ಯಾಕ?” ಎಂದರು ಅತ್ತೆ.

“ನನ್ನ ಮಾರಿ ನೋಡು ಹೆಂಗ ಕಾಣಾಕತ್ತೈತಿ. ಓಣಿ ಮಂದಿಗೆ ಇದನ್ನ ತೋರಸ್ಲೇನು?”

“ಕತ್ತರಿಸೂದು ಬ್ಯಾಡ. ನನಗ ಬೇಕು.”

“ನಿನಗ ಬೇಕಂದ್ರ ನೀ ಒಂದು ಬ್ಯಾರೆ ಮಾಡಿಸಿಕೋ.”

ಜಗಳ ಮತ್ತೆ ಶುರುವಾಗಿತ್ತು. ಆದರೆ ಈಗ ಮಧ್ಯೆ ನಾನಿರಲಿಲ್ಲ. ಆ ತುಣುಕನ್ನು ತೆಗೆಯಬೇಕಾದರೆ ಮತ್ತೊಂದು ಇಡೀ ದಿನ ಬೇಕಾಗುತ್ತದೆಂದು ಹೆದರುತ್ತಲೇ ಹೇಳಿದೆ. ದೊಡ್ಡವ್ವ ಸ್ವಲ್ಪವೂ ಬೇಸರವಿಲ್ಲದೆ, “ಆಗಲಿ ಬಿಡ್ರಿ, ನಾಳಿಗೆ ಬೆಳಿಗ್ಗೆನೇ ಬರ್ತೀನಿ. ಖಾರದ ಪುಡಿ ತರ್ತೀನಿ” ಎಂದರು.

ಕುಬಸ ಅದ್ದೂರಿಯಾಗಿ ಆಯಿತು. ಹಸಿರು ಸೀರೆ ಬೇಗಂ ಬಜಾರಿನಿಂದಲೇ ಬಂತು, ಉಡಿ ತುಂಬಿದ್ದೂ ದೊಡ್ಡವ್ವನೇ. ಊಟಕ್ಕೆ ಬಂದಿದ್ದ ಶೆಟ್ಟಿ ಹೋಳಿಗೆಯ ಉಪಕಾರ ತೀರಿಸಲೆಂದು, ತನ್ನ ಹತ್ತಿರ ಸುಮ್ಮನೆ ಬಿದ್ದಿರುವ ಮೆಮೊರಿಯನ್ನು ನಮ್ಮ ಕಂಪ್ಯೂಟರಿಗೆ ಹಾಕಿಕೊಡುತ್ತೇನೆ, ಗಾಳಿಯ ಹಾಗೆ ಓಡುತ್ತದೆ ಎಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಬ್ಯಾಡ್ರಿಯಪ್ಪಾ, ಅದು ಹೆಂಗೈತೋ ಹಾಂಗ ಇರಲಿ” ಎಂದುಬಿಟ್ಟರು. ಅಷ್ಟು ದಿನ ಊಟದ ಮನೆಯಲ್ಲಿ ನಾನು ಕೊಟ್ಟ ಉಪನ್ಯಾಸಗಳೆಲ್ಲ ಆ ಒಂದು ಮಾತಿಗೆ ನೀರಿನಲ್ಲಿ ಹೋಮವಾದವು.

ಈಗ ನಮ್ಮ ನೆಂಟರಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡರೂ ಅತ್ತೆಯದು ಒಂದೇ ಮದ್ದು: “ಮ್ಯಾಲೆ ಅಳಿಯಾವ್ರ ಕಂಪ್ಯೂಟರ್ ಮುಂದ ಕೂಡಸ್ರಿ.” ಮೊನ್ನೆ ನಾನೂ ವಿಜಯಾಳೂ ಯಾವುದೋ ಸಣ್ಣ ವಿಷಯಕ್ಕೆ ಮಾತು ಬಿಟ್ಟಿದ್ದೆವು. ತಪ್ಪು ನನ್ನದೇ ಇರಬೇಕು, ನೆನಪಿಲ್ಲ. ಅತ್ತೆ ಮೇಲೆ ಬಂದರು, ಇಬ್ಬರನ್ನೂ ಎರಡು ಕುರ್ಚಿಗಳಲ್ಲಿ ಕೂರಿಸಿದರು, ಸ್ವಿಚ್ ಹಾಕಿ ಬಾಗಿಲು ಮುಂದೆ ಮಾಡಿಕೊಂಡು ಇಳಿದುಹೋದರು. ಇನ್ನು ಕರೆಂಟು ಹೋಗಿ ಬಂದು, ಪಟ್ಟಿ ತುಂಬಿ, ಸಂಜೆಯ ಹೊತ್ತಿಗೆ ರಾಜಿಯಾದೀತು ಎಂದು ನಾನು ಆರಾಮಾಗಿ ಒರಗಿ ಕೂತೆ. ಕಂಪ್ಯೂಟರ್ ಅಂದು, ಅದೊಂದು ದಿನ ಮಾತ್ರ, ಕಣ್ಣು ಮಿಟುಕಿಸುವುದರೊಳಗೆ ಶುರುವಾಗಿ ಏನು ಮಾಡಲಿ ಎಂದು ಕೇಳಿತು. ವಿಜಯಾ ನನ್ನ ಮುಖ ನೋಡಿದಳು. ಬೇರೆ ದಾರಿಯಿಲ್ಲದೆ, ತಪ್ಪಾಯಿತು ಎಂದು ನಾನೇ ಬಾಯಿಬಿಟ್ಟು ಹೇಳಬೇಕಾಯಿತು.